ಹೆಡ್‌ಮೇಷ್ಟ್ರು ದಾಟುವಷ್ಟು ನಿಜ

ನಮ್ಮೂರ ಶಾಲೆಯ ಬಾಗಿಲು ಬೆಳಿಗ್ಗೆ ಹೊತ್ತು ಎಲ್ಲ ಊರಿನ ಬಾಗಿಲುಗಳ ಹಾಗೇ. ತಳ್ಳಿದರೆ ತೆರೆಯುತ್ತದೆ. ಸಂಜೆಯದು ಬೇರೆ ಮಾತು. ಕೊನೆಯ ಗಂಟೆ ಹೊಡೆದ ಮೇಲೆ ಒಳಗಿರುವವರಲ್ಲಿ ಯಾರಾದರೂ ಒಬ್ಬರು ಇನ್ನೊಬ್ಬರ ಮುಖ ನೋಡಿ ಅವತ್ತಿನ ಪಾಠದ ಬಗ್ಗೆ ಒಂದು ನಿಜ ಹೇಳಬೇಕು. ಹೇಳಿದರೆ ಬಾಗಿಲು ಜರುಗುತ್ತದೆ. ನಿಜ ಎಷ್ಟು ದೊಡ್ಡದೋ ಸಂದು ಅಷ್ಟು ಅಗಲ. ಗೋಡೆ ಹಾರಬಹುದಲ್ಲ ಎಂದು ಕೇಳಬೇಡಿ. ಹಾರಿದವರಿದ್ದಾರೆ. ಹಾರಿ ಒಳಗೇ ಬಿದ್ದರು.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಾನು ಆ ಬಾಗಿಲಿಗೆ ಆತುಕೊಂಡೇ ಬದುಕುವವನು. ಟೈಲರ್ ಸಾಂಬಣ್ಣ ಅಂದರೆ ನಾನೇ. ಬಾಗಿಲಿಗೆ ಎರಡು ಕದ. ದಿನಾ ಸಂಜೆ ಜರುಗುವುದು ಎಡಗಡೆಯದು. ಬಲಗಡೆಯ ಕದ ಜರುಗಿದ್ದನ್ನು ನಾನೂ ನೋಡಿರಲಿಲ್ಲ, ನಮ್ಮಪ್ಪನೂ ನೋಡಿರಲಿಲ್ಲ. ಅದರ ಮೇಲೆ ಬಳ್ಳಿ ಹಬ್ಬಿ ಅದು ಗೋಡೆಯೋ ಕದವೋ ಎನ್ನುವುದೇ ಮರೆತುಹೋಗಿತ್ತು. ಹಾಗಾಗಿ ನಮ್ಮಪ್ಪ ಅದಕ್ಕೆ ಮೊಳೆ ಹೊಡೆದು ಅಂಗಡಿಯ ಬೋರ್ಡು ತೂಗುಹಾಕಿದ, ಅದರ ಮುಂದೆ ಹೊಂಗೆಮರದ ನೆರಳಲ್ಲಿ ಹೊಲಿಗೆ ಮಿಷನ್ನು ಇಟ್ಟ. ಅಲ್ಲಿ ನೆಲಗಲ್ಲಿನಲ್ಲಿ ಬಿಲ್ಲಿನ ಹಾಗೆ ಬಾಗಿದ, ಸವೆದ ಒಂದು ಗೆರೆ ಇತ್ತು. ಮಿಷನ್ನಿನ ಕಾಲು ಅದರೊಳಗೆ ಕೂತರೆ ಅಲ್ಲಾಡುತ್ತಿರಲಿಲ್ಲ. ಆ ಗೆರೆ ಯಾಕಿದೆ ಎಂದು ಅಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮಿಷನ್ನು ಭದ್ರವಾಗಿ ಕೂತರೆ ನಮಗೆ ಸಾಕಾಗಿತ್ತು. ನನ್ನ ಪಕ್ಕಕ್ಕೇ ಹನುಮಕ್ಕನ ಬುಟ್ಟಿ. ಕಡಲೆಕಾಯಿ, ಪೆಪ್ಪರಮೆಂಟು, ಊರ ಸುದ್ದಿ ಮೂರೂ ಅವಳಲ್ಲಿ ತಾಜಾ ಸಿಗುತ್ತಿದ್ದವು.

ಎಂಥ ಬಾಗಿಲಿಗೂ ಮನುಷ್ಯ ಒಗ್ಗಿಕೊಳ್ಳುತ್ತಾನೆ. ನಮ್ಮೂರ ಮಕ್ಕಳು ಒಗ್ಗಿಕೊಂಡದ್ದು ಚಿಲ್ಲರೆ ನಿಜದಿಂದ. "ಸಾರ್, ನೀವು ಇವತ್ತು ಬೋರ್ಡಿನ ಮೂಲೇಲಿ ಬರೆದಿದ್ದು ಬಿಸಿಲಿಗೆ ಕಾಣ್ಲಿಲ್ಲ" ಅಂದರೆ ಒಂದು ಗೇಣು ಸಂದು. "ಲೇ ಸೀನ, ನಿನ್ನ ಅಕ್ಷರ ಇರುವೆ ಸಾಲು ದಿಕ್ಕೆಟ್ಟಂಗೆ ಇದೆಯಲ್ಲೋ" ಎಂದು ಮೇಷ್ಟ್ರು ಅಂದರೆ ಇನ್ನಷ್ಟು. ಸಣಕಲು ಮಕ್ಕಳಿಗೆ ಇಷ್ಟು ಸಾಕು, ಚೀಲ ಮೊದಲು ಎಸೆದು ಹಿಂದೆಯೇ ನುಸುಳಿಬಿಡುತ್ತಿದ್ದರು. ಬರೀ ಬೈಗುಳ ನಡೆಯುತ್ತಿರಲಿಲ್ಲ. ಒಬ್ಬ ಹುಡುಗ "ಸಾರ್, ನಿಮ್ಮ ಮೂಗು ದಪ್ಪ" ಅಂದ. ಮೂಗು ನಿಜವಾಗಿಯೂ ದಪ್ಪವೇ, ಆದರೆ ಪಾಠಕ್ಕೂ ಮೂಗಿಗೂ ಏನು ಸಂಬಂಧ? ಬಾಗಿಲು ಮಿಸುಕಲಿಲ್ಲ. ಸುಳ್ಳು ಹೊಗಳಿಕೆಯಂತೂ ಇನ್ನೂ ಅಪಾಯ. ತೆರೆದಿದ್ದ ಸಂದೂ ಮುಚ್ಚಿಕೊಳ್ಳುತ್ತಿತ್ತು. ಪರ ಊರಿನಿಂದ ಬಂದ ಇನ್‌ಸ್ಪೆಕ್ಟರ್ ಸಾಹೇಬರು ಒಮ್ಮೆ ಹೊರಡುವಾಗ "ಎಲ್ಲಾ ತರಗತಿಗಳೂ ಅತ್ಯುತ್ತಮ" ಎಂದುಬಿಟ್ಟರು. ಕದ ದಡಾರನೆ ಬಡಿಯಿತು. ಅವರ ಛತ್ರಿಯ ಅರ್ಧ ನನ್ನ ಕಡೆ, ಇನ್ನರ್ಧ ಅವರ ಕೈಲಿ. ಕೊನೆಗೆ ಒಂದನೇ ಕ್ಲಾಸಿನ ಪುಟ್ಟಿ ಒಬ್ಬಳು, "ತಾತ, ನೀನು ಪಾಠ ಕೇಳ್ಲೇ ಇಲ್ಲ, ಗಡಿಯಾರ ನೋಡ್ತಿದ್ದೆ" ಅಂದಮೇಲೆ ಸಾಹೇಬರು ಮನೆ ಸೇರಿದರು.

ಈ ಏರ್ಪಾಡಿನಲ್ಲಿ ಕಷ್ಟವಿದ್ದದ್ದು ಇಬ್ಬರಿಗೆ. ಒಬ್ಬರು ಹೆಡ್‌ಮೇಷ್ಟ್ರು ಪರಮೇಶಯ್ಯನವರು. ಅವರ ಕೋಟಿನ ಅಳತೆ ತೆಗೆಯುವಾಗ ನಾನು ಟೇಪಿನ ಒಂದು ತುದಿಯನ್ನು ಅವರ ಕೈಗೇ ಕೊಟ್ಟು ಸುತ್ತು ಹಾಕಿ ಬರಬೇಕು. ಇನ್ನೊಬ್ಬಳು ನನ್ನ ಮಗಳು ಇಂದ್ರಾಣಿ. ಏಳನೇ ಕ್ಲಾಸು, ತುಂಬಿದ ಮೈ, ತುಂಬಿದ ನಗು. ಊಟದ ಎಲೆ ಮುಂದೆ ಕೂತರೆ ಅವಳನ್ನು ನೋಡುವುದೇ ಒಂದು ಸಂಭ್ರಮ. ಚಿಲ್ಲರೆ ನಿಜ ಇವರಿಬ್ಬರಿಗೂ ಸಾಲುತ್ತಿರಲಿಲ್ಲ. ಮಿಕ್ಕವರೆಲ್ಲ ನುಸುಳಿ ಮನೆ ಸೇರಿದಾಗ ಇಂದ್ರಾಣಿ ಒಳಗೇ ಉಳಿಯುತ್ತಿದ್ದಳು. ಉಳಿದು ಏನು ಮಾಡುವುದು? ದೊಡ್ಡ ನಿಜ ಹುಡುಕಿ ಹೇಳುವುದನ್ನು ಕಲಿತಳು.

ಆಗ ಲೆಕ್ಕ ಹೇಳುತ್ತಿದ್ದವರು ದೊಡ್ಡೀರಯ್ಯ ಮೇಷ್ಟ್ರು. ಬೆತ್ತವಿಲ್ಲದೆ ಮಗ್ಗಿ ಹೇಳಿಸಿದವರಲ್ಲ. ಒಂದು ಸಂಜೆ ಇಂದ್ರಾಣಿ ಅವರೆದುರು ನಿಂತು, "ಸಾರ್, ನಿಮಗೆ ಲೆಕ್ಕ ಚೆನ್ನಾಗಿ ಬರತ್ತೆ. ಆದ್ರೆ ನೀವು ಬೆತ್ತ ಹಿಡ್ಕೊಂಡು ಕೇಳಿದ್ರೆ ನಾನು ಬೆತ್ತಾನೇ ನೋಡ್ತಿರ್ತೀನಿ. ಬರೋ ಉತ್ತರಾನೂ ಓಡಿಹೋಗತ್ತೆ" ಅಂದಳು. ಬಾಗಿಲು ಎರಡು ಮೊಳ ತೆರೆಯಿತು. ದೊಡ್ಡೀರಯ್ಯನವರು ಗೊಣಗಿಕೊಂಡು ಹೋದರು. ಮಾರನೆಯ ವಾರ ನೋಡಿದರೆ ಬೆತ್ತ ಶಾಲೆಯ ಕೈತೋಟದಲ್ಲಿ ಹುರುಳಿಕಾಯಿ ಬಳ್ಳಿಗೆ ಆಸರೆಯಾಗಿ ನಿಂತಿತ್ತು. ಕ್ಲಾಸಿನ ಮುಕ್ಕಾಲು ಪಾಲಿಗೆ ಮಗ್ಗಿ ಬಂತು. ಆವತ್ತಿನಿಂದ ಅದೊಂದು ಪದ್ಧತಿಯೇ ಆಯಿತು. ದಿನಾ ಸಂಜೆ ಇಂದ್ರಾಣಿ ಹೇಳುವಳು, ಬಾಗಿಲು ತೆರೆಯುವುದು, ಅವಳು ಹೊರಬರುವಳು, ಹಿಂದೆಯೇ ಹೆಡ್‌ಮೇಷ್ಟ್ರು. "ಮುಂದೆ ಇಂದ್ರಾಣಿ, ಹಿಂದೆ ಐರಾವತ" ಎಂದು ಹನುಮಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಗುವಳು.

ದೊಡ್ಡೀರಯ್ಯನವರು ನಿವೃತ್ತರಾದರು. ಅವರ ಜಾಗಕ್ಕೆ ಒಂದೆರಡು ತಿಂಗಳು ಯಾರೂ ಬರಲೊಪ್ಪಲಿಲ್ಲ. ಇಂಥ ಬಾಗಿಲಿರುವ ಊರಿಗೆ ಯಾರು ಬರುತ್ತಾರೆ? ಕೊನೆಗೆ ಬಂದವರು ವಾರಿಜಾ ಮಿಸ್ಸು.

ಅವರ ಒಳ್ಳೆಯತನ ಹೇಳಹೊರಟರೆ ನನ್ನ ನೂಲುಂಡೆ ಮುಗಿಯುತ್ತದೆ. ಬಂದ ದಿನವೇ ಎಲ್ಲ ಮಕ್ಕಳ ಹೆಸರು ಕಲಿತರು. ಯಾರ ಜಡೆ ಬಿಚ್ಚಿದರೂ ಹೆಣೆಯುವರು. ಜ್ವರ ಬಂದ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡೇ ಪಾಠ ಮಾಡುವರು. ಇಂದ್ರಾಣಿಯನ್ನು ಊರೆಲ್ಲ ಡುಮ್ಮಿ ಅಂದರೆ ಅವರು ಮಾತ್ರ "ರಾಣೀ" ಎಂದು ಕರೆದರು. ಅಷ್ಟೇ ಸಾಕಾಯಿತು. ನಮ್ಮ ಮನೆಯಲ್ಲಿ ಬೆಳಗಾದರೆ ಮಿಸ್ಸು, ಬೈಗಾದರೆ ಮಿಸ್ಸು. ಅವರು ಮುಡಿಯುವಂಥದೇ ಹೂ ಬೇಕು, ಅವರು ಉಡುವಂಥ ಬಣ್ಣದ್ದೇ ರಿಬ್ಬನ್ನು ಬೇಕು.

ಆದರೆ ಸಂಜೆಯ ಸಂದು ಕಿರಿದಾಗುತ್ತ ಬಂತು.

ನಾನು ಬಾಗಿಲಿಗೆ ಬೆನ್ನು ಹಾಕಿ ಕೂರುವವನು. ಒಳಗಿನ ಮಾತು ಕಿವಿಗೆ ಬೀಳುತ್ತದೆ. "ಮಿಸ್, ಇವತ್ತು ಸೀಮೆಸುಣ್ಣ ಕಿರ್ ಅಂತು." ನಾಲ್ಕು ಬೆರಳು. "ಮಿಸ್, ಇವತ್ತು ನೀವು ಎರಡು ಸಲ ಸೀನಿದ್ರಿ, ಪಾಠ ನಿಂತು ನಿಂತು ಹೋಯ್ತು." ಆರು ಬೆರಳು. ಮಕ್ಕಳು ಮೊದಲು ತಲೆ, ಆಮೇಲೆ ಒಂದು ಭುಜ, ಆಮೇಲೆ ಉಸಿರು ಬಿಗಿಹಿಡಿದು ಮಿಕ್ಕ ಮೈ ಎಂದು ಹೊರಬರುತ್ತಿದ್ದರು. ಇಂದ್ರಾಣಿ ಕೊನೆಯವಳಾಗಿ ಹೇಗೋ ಒಂದು ನಡುಗಾತ್ರದ ನಿಜ ಹೇಳಿ, ಹೂಕೋಸಿನ ಎಲೆ ಬಿಡಿಸಿದ ಹಾಗೆ ಲಂಗ ಬಿಡಿಸಿಕೊಳ್ಳುತ್ತ ಬರುವಳು. ಹೆಡ್‌ಮೇಷ್ಟ್ರು ಮಾತ್ರ ಒಳಗೇ.

ಪಾಪ, ಅವರು ತಮ್ಮ ತಪ್ಪುಗಳನ್ನೇ ಕರಗಿಸಿಕೊಂಡು ಹೊರಬರತೊಡಗಿದರು. ಐದನೇ ಕ್ಲಾಸಿನ ಒಂದಿಬ್ಬರನ್ನು ಹಿಡಿದು ನಿಲ್ಲಿಸಿ, "ಮಕ್ಕಳೇ, ನಾನು ಇವತ್ತು ಭೂಗೋಳದ ನಡುವೆ ತೂಕಡಿಸಿದೆ" ಎನ್ನುವರು. ಒಂದು ದಿನಕ್ಕಾಯಿತು. "ನನಗೆ ಆ ನದಿ ಎಲ್ಲಿ ಹುಟ್ಟುತ್ತೆ ಅಂತ ಗೊತ್ತಿರಲಿಲ್ಲ, ಕೆಮ್ಮಿ ಮುಂದಕ್ಕೆ ಹೋದೆ." ಇನ್ನೊಂದು ದಿನ. ಆದರೆ ಮನುಷ್ಯ ದಿನಕ್ಕೊಂದು ಹೊಸ ದೊಡ್ಡ ತಪ್ಪು ಎಲ್ಲಿಂದ ತರಬೇಕು? ಹೇಳಿಕೊಂಡದ್ದನ್ನು ನಾಚಿಕೆಯಿಂದ ತಿದ್ದಿಕೊಳ್ಳುತ್ತಲೂ ಇದ್ದರು, ಹಾಗಾಗಿ ದಾಸ್ತಾನು ಇನ್ನೂ ಬೇಗ ಖಾಲಿಯಾಯಿತು. ಅವರ ಹೆಂಡತಿ ಸಂಜೆಯ ತಿಂಡಿಯನ್ನು ಸಂದಿನಲ್ಲಿ ತೂರಿಸುವಂತಾಯಿತು. ದೋಸೆ ಸುಲಭವಾಗಿ ಹೋಗುತ್ತಿತ್ತು, ಇಡ್ಲಿ ತಡೆಯುತ್ತಿತ್ತು.

"ಏನ್ ಸಾರ್ ಇದು? ಮಿಸ್ಸಿಗೆ ಏನೋ ಒಂದು ಹೇಳ್ಬಾರ್ದಾ ನೀವು?" ಎಂದು ನಾನೇ ಒಮ್ಮೆ ಸಂದಿಗೆ ಬಾಯಿಟ್ಟು ಕೇಳಿದೆ.

ಒಳಗಿನಿಂದ ದೋಸೆ ತುಂಬಿದ ಬಾಯಿಯ ದನಿ ಬಂತು. "ಹೇಳ್ಬಹುದು ಸಾಂಬಣ್ಣ. ಆ ಹೆಣ್ಮಗಳ ಮುಖ ನೋಡಿದ್ರೆ ನಾಲಿಗೆ ಏಳಲ್ಲ ಕಣಯ್ಯ. ನೊಂದ್ಕೊಂಡು ಗಂಟುಮೂಟೆ ಕಟ್ಟಿದ್ರೆ? ಇನ್ನೊಬ್ರು ಬರ್ತಾರಾ ಈ ಊರಿಗೆ? ಬೇಸಿಗೆಗೆ ಏಳನೇ ಕ್ಲಾಸಿಗೆ ದೊಡ್ಡ ಪರೀಕ್ಷೆ ಬೇರೆ. ಚಟ್ನಿ ಇದ್ರೆ ಇನ್ನೊಂಚೂರು ತಳ್ಳು."

ಅಂದರೆ ಹೇಳಬೇಕಾದ್ದು ಏನೋ ಒಂದಿದೆ, ಎಲ್ಲರೂ ಬಲ್ಲರು, ಯಾರೂ ಹೇಳುತ್ತಿಲ್ಲ ಎಂದಾಯಿತು.

ಇತ್ತ ಮನೆಯಲ್ಲಿ ಇನ್ನೊಂದು ನಡೆಯುತ್ತಿತ್ತು. ಇಂದ್ರಾಣಿಯ ಲಂಗ ಜಾರತೊಡಗಿತು. ನಾನು ಸೊಂಟಪಟ್ಟಿ ಬಿಚ್ಚಿ ಒಳಕ್ಕೆ ಮಡಿಸಿ ಹೊಲಿದೆ. ಸ್ವಲ್ಪ ದಿನಕ್ಕೆ ಮತ್ತೆ ಜಾರಿತು, ಮತ್ತೆ ಹೊಲಿದೆ. "ಒಂದೇ ರೊಟ್ಟಿ ಸಾಕಮ್ಮಾ" ಎಂದು ತಟ್ಟೆ ಬಿಟ್ಟು ಏಳುತ್ತಿದ್ದಳು. ನನ್ನ ಹೆಂಡತಿ ಮಂಗಳ, "ಹುಡುಗಿ ಎತ್ತರ ಬೆಳೀತಾ ಇದಾಳೆ, ಬೆಳೆಯೋವಾಗ ಹಂಗೇ" ಅಂದಳು. ನಾನೂ ಹೂಂ ಅಂದೆ. ಆದರೆ ನಗು ಕೂಡ ಯಾಕೆ ಇಳಿಯುತ್ತಿದೆ ಎನ್ನುವುದು ನನ್ನ ಟೇಪಿಗೆ ಸಿಗಲಿಲ್ಲ.

ಸಿಕ್ಕಿದ್ದು ಸೀನನ ಹೊಟ್ಟೆಯಿಂದ.

ಸೀನ ಅಂದರೆ ಆ ಇರುವೆ ಅಕ್ಷರದ ಹುಡುಗ. ಕ್ಲಾಸಿಗೆಲ್ಲ ಸಣಕಲ, ಗಾಳಿ ಬಂದರೆ ಹೊಂಗೆಮರ ಹಿಡಿದುಕೊಳ್ಳುವವನು. ಒಂದು ಸಂಜೆ ಸೀಮೆಸುಣ್ಣದ ಲೆಕ್ಕದಲ್ಲಿ ನಾಲ್ಕು ಬೆರಳು ತೆರೆದ ಸಂದಿಗೆ ಎಂದಿನಂತೆ ಮೊದಲು ನುಗ್ಗಿದ. ತಲೆ ಬಂತು, ಭುಜ ಬಂತು, ಅಲ್ಲಿಗೆ ನಿಂತ. ಹೊಟ್ಟೆ ಸಿಕ್ಕಿಕೊಂಡಿತು. ಹೊರಗಿನಿಂದ ನಾನೂ ಹನುಮಕ್ಕನೂ ಎಳೆದೆವು, ಒಳಗಿನಿಂದ ಮಕ್ಕಳು ದಬ್ಬಿದರು. ಬಿರಡೆ ಕೂತ ಹಾಗೆ ಕೂತಿದ್ದ.

"ಏನೋ ಇದು, ನಿನಗೆಲ್ಲಿಂದ ಬಂತೋ ಈ ಗುಡಾಣ?" ಎಂದಳು ಹನುಮಕ್ಕ.

"ನಂದಲ್ಲ ಅಜ್ಜೀ! ಇಂದ್ರಾಣೀದು! ದಿನಾ ಅವಳ ಬುತ್ತೀನೂ ನಾನೇ ತಿಂತೀನಿ! ತಿನ್ನು ತಿನ್ನು ಅಂತ ಬಾಯಿಗೇ ತುರುಕ್ತಾಳೆ!"

ನಾನು ಸೀನನ ಕೈ ಬಿಟ್ಟೆ. ಕೂರುವ ಸ್ಟೂಲನ್ನು ಗೋಡೆಗೆ ಹಾಕಿ ಹತ್ತಿ ಇಣುಕಿದೆ. ಅಂಗಳದಲ್ಲಿ ಮಕ್ಕಳೆಲ್ಲ ಸೀನನನ್ನು ಬಿಟ್ಟು ಇಂದ್ರಾಣಿಯ ಕಡೆ ತಿರುಗಿದ್ದರು. ಅವಳು ಸೊಂಟಪಟ್ಟಿ ಹಿಡಿದುಕೊಂಡು ನಿಂತಿದ್ದಳು. ವಾರಿಜಾ ಮಿಸ್ಸು ಅವಳ ಮುಂದೆ ಮಂಡಿಯೂರಿ ಕೂತಿದ್ದರು.

"ರಾಣೀ, ಊಟ ಯಾಕೆ ಬಿಟ್ಟೆ? ಯಾರಾದ್ರೂ ದಪ್ಪ ಅಂತ ಆಡ್ಕೊಂಡ್ರಾ?"

"ಇಲ್ಲ ಮಿಸ್."

"ಮತ್ತೆ?"

"ಬಾಗ್ಲಿಗೆ, ಮಿಸ್."

"ಬಾಗಿಲಿಗಾ?"

ಇಂದ್ರಾಣಿ ನೆಲ ನೋಡುತ್ತ ಹೇಳಿದಳು. "ಸಣ್ಣ ಆದ್ರೆ ಸಣ್ಣ ನಿಜಕ್ಕೇ ಆಚೆ ಹೋಗ್ಬಹುದು. ದೊಡ್ಡದು ನಿಮ್ಗೆ ಹೇಳ್ಬೇಕಾಗಲ್ಲ."

ಮಿಸ್ಸು ಮೆಲ್ಲಗೆ, "ಹೇಳು. ನಾನು ಎಲ್ಲೂ ಓಡಿಹೋಗಲ್ಲ" ಅಂದರು.

ಇಂದ್ರಾಣಿ ಕಣ್ಣು ಮುಚ್ಚಿ ಒಂದೇ ಉಸಿರಿಗೆ, "ನಿಮಗೆ ಪಾಠ ಮಾಡೋಕ್ಕೇ ಬರಲ್ಲ ಮಿಸ್" ಎಂದುಬಿಟ್ಟಳು.

ಕದ ಕಿರ್ರೆಂದು ಒಳಕ್ಕೆ ಒತ್ತಿತು. ಸೀನ ಕಿರುಚಿದ. "ಅಯ್ಯಯ್ಯೋ, ಇಂದ್ರೀ! ಸುಳ್ಳು ಹೇಳ್ಬೇಡ್ವೇ! ಹೊಟ್ಟೆ ಕಣೇ, ಹೊಟ್ಟೆ!"

ಅಂಗಳದಲ್ಲಿ ಅಳುವವರೂ ನಕ್ಕರು. ಹೆಡ್‌ಮೇಷ್ಟ್ರು ಕಂಬದ ಹಿಂದಿನಿಂದ, "ನಿಧಾನ ಮಗಳೇ. ಇಡಿಯಾಗಿ ಬೇಡ. ಏನಾಯ್ತು, ಯಾವಾಗ ಆಯ್ತು, ಅದನ್ನ ಹೇಳು" ಅಂದರು. ನನ್ನ ಮಗಳು ಕಣ್ಣು ತೆರೆದಳು. ಈ ಸಲ ಮಿಸ್ಸಿನ ಮುಖ ನೋಡಿದಳು.

"ನೀವು ಪ್ರಶ್ನೆ ಕೇಳ್ತೀರ ಮಿಸ್. ನಾವು ಯೋಚ್ನೆ ಮಾಡಿ ಬಾಯಿ ತೆಗೆಯೋದ್ರೊಳಗೆ ನೀವೇ ಉತ್ರ ಹೇಳ್ಬಿಡ್ತೀರ. ಆಮೇಲೆ ಎಲ್ಲಾರ್ಗೂ ಬಂತಾ ಅಂತೀರ. ಬಂತು ಅಂದ್ರೆ ನಿಮ್ಮ ಮುಖ ಅರಳತ್ತೆ. ಅದಕ್ಕೆ ಬಂತು ಅಂತೀವಿ. ಬಂದಿರಲ್ಲ."

ಬಾಗಿಲು ಜರುಗಿತು. ಸೀನ ಹಣ್ಣಾದ ಹಲಸಿನಂತೆ ಹನುಮಕ್ಕನ ಮಡಿಲಿಗೆ ಬಿದ್ದ. ಇಂದ್ರಾಣಿಗೆ ಅದರ ಗಮನವೇ ಇರಲಿಲ್ಲ.

"ಇವತ್ತು ಭಿನ್ನರಾಶೀಲಿ ಅರ್ಧಕ್ಕೆ ಕಾಲು ಕೂಡೋ ಲೆಕ್ಕ ಕೊಟ್ರಲ್ಲ. ನಾನು ಮೇಲಿಂದು ಮೇಲಕ್ಕೆ, ಕೆಳಗಿಂದು ಕೆಳಕ್ಕೆ ಕೂಡಿದೆ. ನೀವು ಭೇಷ್ ರಾಣೀ ಅಂತ ನಕ್ಷತ್ರ ಹಾಕಿದ್ರಿ. ನಾನು ಹಿಂದಿನ ಬೆಂಚಿಗೆ ಹೋಗಿ ಅದೇ ಥರ ಅರ್ಧಕ್ಕೆ ಅರ್ಧ ಕೂಡಿ ನೋಡ್ದೆ ಮಿಸ್. ನಾಲ್ಕರಲ್ಲಿ ಎರಡು ಬಂತು. ಅಂದ್ರೆ ಅರ್ಧ ರೊಟ್ಟಿಗೆ ಅರ್ಧ ರೊಟ್ಟಿ ಸೇರಿಸಿದ್ರೆ ಅರ್ಧ ರೊಟ್ಟೀನೇ! ಹಂಗೆ ಆಗಲ್ಲ ಅಂತ ನನ್ನ ಹೊಟ್ಟೇಗೆ ಗೊತ್ತು. ಲೆಕ್ಕ ತಪ್ಪು ಅಂತ ಗೊತ್ತಾಯ್ತು, ಎಲ್ಲಿ ತಪ್ಪು ಅಂತ ಗೊತ್ತಾಗ್ಲಿಲ್ಲ. ಆ ನಕ್ಷತ್ರ ನೋಡಿ ಅಳು ಬಂತು. ನೀವು ನನ್ ಲೆಕ್ಕ ನೋಡ್ಲಿಲ್ಲ, ನನ್ನ ಮುಖ ನೋಡಿದ್ರಿ."

ಎಡಗಡೆಯ ಕದ ಪೂರಾ ತೆರೆದು ಗೋಡೆಗೆ ತಾಗಿ ನಿಂತಿತು. ಹೆಡ್‌ಮೇಷ್ಟ್ರು ಸಲೀಸಾಗಿ ಹೊರಟುಹೋಗಬಹುದಿತ್ತು. ಹೋಗಲಿಲ್ಲ. ಯಾರೂ ಹೋಗಲಿಲ್ಲ. ಎಲ್ಲರೂ ಮಿಸ್ಸನ್ನೇ ನೋಡುತ್ತಿದ್ದರು. ಗಂಟುಮೂಟೆ ಕಟ್ಟುತ್ತಾರೆ ಎಂದೇ ನಾನು ತಿಳಿದೆ.

ವಾರಿಜಾ ಮಿಸ್ಸು ಸೆರಗಿನಿಂದ ಮೂಗು ಒರೆಸಿಕೊಂಡರು. "ಚಿಕ್ಕೋಳಿದ್ದಾಗ ಉತ್ತರ ಬರದೆ ಬೆಂಚಿನ ಮೇಲೆ ನಿಂತವಳು ನಾನು" ಎಂದರು. "ನೀವ್ಯಾರೂ ಹಂಗೆ ನಿಲ್ಲಬಾರದು ಅಂತ ನಾನೇ ಹೇಳ್ಬಿಡ್ತಿದ್ದೆ. ನಿಮ್ಮನ್ನ ಕಾಪಾಡ್ತಿದೀನಿ ಅಂದ್ಕೊಂಡಿದ್ದೆ." ಇಷ್ಟಕ್ಕೇ ನಿಲ್ಲಿಸಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಅವರು ಇಂದ್ರಾಣಿಯ ಗಲ್ಲ ಹಿಡಿದು ಮುಖ ಎತ್ತಿದರು. "ಈಗ ನಿನ್ನ ಸರದಿ ರಾಣೀ. ನಿನ್ನ ಲೆಕ್ಕ ತಪ್ಪು. ಅರ್ಧ ಬೇರೆ ಅಳತೆ, ಕಾಲು ಬೇರೆ ಅಳತೆ. ಮೊದಲು ಎರಡನ್ನೂ ಒಂದೇ ಅಳತೆಗೆ ತರಬೇಕು, ಆಮೇಲೆ ಕೂಡಬೇಕು. ನಿನಗೆ ಆತುರ ಜಾಸ್ತಿ. ಕೆಳಗಿನ ಸಂಖ್ಯೆ ಏನು ಹೇಳುತ್ತೆ ಅಂತ ಕೇಳಿಸ್ಕೊಳ್ಳಲ್ಲ ನೀನು. ಆದ್ರೆ ರೊಟ್ಟಿ ಇಟ್ಟು ಪರೀಕ್ಷೆ ಮಾಡಿದೆಯಲ್ಲ, ಹಂಗೆ ಮಾಡಿದವರು ಇಡೀ ಕ್ಲಾಸಲ್ಲಿ ನೀನೊಬ್ಳೇ. ನಕ್ಷತ್ರ ಹಾಕಬೇಕಿದ್ದದ್ದು ಅದಕ್ಕೆ."

ಆಗ ನನ್ನ ಪಕ್ಕದಲ್ಲೇ ಏನೋ ಹರಿದ ಸದ್ದಾಯಿತು. ತಿರುಗಿ ನೋಡಿದೆ. ಬಳ್ಳಿ ಹರಿಯುತ್ತಿತ್ತು. ನಮ್ಮಪ್ಪ ಗೋಡೆ ಎಂದುಕೊಂಡಿದ್ದ ಬಲಗಡೆಯ ಕದ, ನನ್ನ ಬೋರ್ಡನ್ನು ಹೊತ್ತುಕೊಂಡು, ನೆಲದ ಆ ಬಿಲ್ಲುಗೆರೆಯ ಗುಂಟ ಗಂಭೀರವಾಗಿ ಹೊರಕ್ಕೆ ಬರುತ್ತಿತ್ತು. ದಾರಿಯಲ್ಲಿದ್ದ ಹೊಲಿಗೆ ಮಿಷನ್ನನ್ನು ಮೆಲ್ಲಗೆ ತಳ್ಳಿಕೊಂಡು ಹೋಗಿ ಚರಂಡಿಯ ಅಂಚಿಗೆ ನಿಲ್ಲಿಸಿತು. ಹನುಮಕ್ಕನ ಬುಟ್ಟಿ ಮಗುಚಿತು. ಪೆಪ್ಪರಮೆಂಟು ರಸ್ತೆಯ ತುಂಬ.

"ಸಾಂಬಣ್ಣೋ, ನಿನ್ನಂಗ್ಡಿ ಹೋಯ್ತಲ್ಲೋ!" ಎಂದು ಹನುಮಕ್ಕ ಕೂಗಿದಳು. ನಾವು ಚಿಲ್ಲರೆ ನಿಜಕ್ಕೆ ಎಷ್ಟು ಒಗ್ಗಿಹೋಗಿದ್ದೆವೆಂದರೆ, ದೊಡ್ಡದು ಬಂದರೆ ತಿರುಗಲು ಬೇಕಾದ ಜಾಗದಲ್ಲೇ ಅಂಗಡಿ ಹೂಡಿದ್ದೆವು. ಮಕ್ಕಳು ಹೋ ಎಂದು ಹೊರಬಿದ್ದರು, ಒಬ್ಬರ ಕೈ ಒಬ್ಬರು ಹಿಡಿದು, ಅಡ್ಡ ಸಾಲಾಗಿ. ಹೆಡ್‌ಮೇಷ್ಟ್ರು ಬಾಗಿಲ ನಡುವೆ ಎರಡೂ ಕೈ ಚಾಚಿಕೊಂಡು, ಎಲ್ಲಿಯೂ ತಾಗದೆ, ಸುಮ್ಮನೆ ಒಮ್ಮೆ ಒಳಗೆ ಹೋಗಿ ಮತ್ತೆ ಹೊರಗೆ ಬಂದರು. ಇಂದ್ರಾಣಿ ಬಂದವಳೇ ಕೇಳಿದ್ದು ಒಂದೇ ಮಾತು. "ಅಪ್ಪಾ, ಮನೇಲಿ ರೊಟ್ಟಿ ಎಷ್ಟಿದೆ?"

ಮಾರನೆಯ ದಿನದಿಂದ ವಾರಿಜಾ ಮಿಸ್ಸು ಹನುಮಕ್ಕನ ಖಾಯಂ ಗಿರಾಕಿಯಾದರು. ಕ್ಲಾಸಿನಲ್ಲಿ ಪ್ರಶ್ನೆ ಕೇಳಿದ ಕೂಡಲೇ ಒಂದು ಪೆಪ್ಪರಮೆಂಟು ಬಾಯಿಗೆ ಹಾಕಿಕೊಳ್ಳುವುದು, ಅದು ಕರಗುವವರೆಗೆ ತುಟಿ ಬಿಚ್ಚದಿರುವುದು, ಇದು ಅವರು ತಮಗೆ ತಾವೇ ಮಾಡಿಕೊಂಡ ಕಟ್ಟಳೆ. ಮೊದಮೊದಲು ಅರ್ಧಕ್ಕೇ ಕಟಕ್ಕನೆ ಕಡಿದುಬಿಡುತ್ತಿದ್ದರಂತೆ. "ಮಿಸ್, ಕಡಿದ್ರಿ!" ಎಂದು ಇಡೀ ಕ್ಲಾಸು ಕೂಗುವುದು ನನಗೆ ಕೇಳುತ್ತಿತ್ತು. ಆಮೇಲಾಮೇಲೆ ಒಳಗಿನಿಂದ ಬರತೊಡಗಿದ್ದು ಒಂದು ದೀರ್ಘ ಮೌನ. ನಾನು ಪೆಡಲು ನಿಲ್ಲಿಸಿ ಕೇಳುತ್ತಿದ್ದೆ. ಆ ಮೌನದ ಕೊನೆಯಲ್ಲಿ ಯಾವುದೋ ಮೂಲೆಯಿಂದ ಒಂದು ಸಣ್ಣ ದನಿ, ತಪ್ಪೋ ಸರಿಯೋ ತನ್ನದೇ ಉತ್ತರ ಹೇಳುತ್ತಿತ್ತು. ತಪ್ಪಿದ್ದರೆ "ತಪ್ಪು, ಎಲ್ಲಿ ತಪ್ಪಿತು ಹುಡುಕೋಣ" ಎನ್ನುವರು ಮಿಸ್ಸು. ಹುಡುಕುವ ಗಲಾಟೆಗೆ ಹೊಂಗೆಮರದ ಹಕ್ಕಿ ಹಾರಬೇಕು. ಬೇಸಿಗೆಯ ದೊಡ್ಡ ಪರೀಕ್ಷೆಯಲ್ಲಿ ಎಲ್ಲರೂ ಗೆದ್ದರೆಂದು ಹೇಳಿದರೆ ಈ ಬೋರ್ಡೇ ನನ್ನ ಮೇಲೆ ಬಿದ್ದೀತು. ಇಬ್ಬರು ಸೋತರು. ಸೋತದ್ದು ಎಲ್ಲಿ ಎಂದು ಅವರಿಗೇ ಗೊತ್ತಿತ್ತು, ಹಾಗಾಗಿ ಮುಂದಿನ ಸಲಕ್ಕೆ ದಾಟಿದರು. ಇಂದ್ರಾಣಿ ಮೊದಲ ಸಲಕ್ಕೇ ದಾಟಿದಳು, ಹಳೆಯ ಅಳತೆಯ ಲಂಗ ತೊಟ್ಟು.

ಎರಡೂ ಕದ ದಿನಾ ತೆರೆಯುತ್ತವೆ ಎಂದಲ್ಲ. ಈಗಲೂ ಬಹಳ ಸಂಜೆ ಗೇಣಿನ ಲೆಕ್ಕವೇ. ಆದರೆ ಆ ಗೆರೆಯೊಳಗೆ ನಾನು ಮತ್ತೆ ಅಂಗಡಿ ಹೂಡಲಿಲ್ಲ. ಬೋರ್ಡು ಕದದ ಮೇಲೇ ಇದೆ, ಅದು ಬೇಕಾದರೆ ತಿರುಗಾಡಿಕೊಂಡು ಬರಲಿ. ಮಿಷನ್ನನ್ನು ಗೆರೆಯಿಂದ ಆಚೆ ಇಟ್ಟಿದ್ದೇನೆ. ಅಲ್ಲಿ ನೆಲ ಏರುತಗ್ಗು, ಮಿಷನ್ನು ಕುಣಿಯುತ್ತದೆ, ಹೊಲಿಗೆ ಒಂದೊಂದು ಸಲ ದಾರಿ ತಪ್ಪುತ್ತದೆ. ಸಂಜೆ ಇಂದ್ರಾಣಿ ಬಂದು ನನ್ನ ಕೈಲಿರುವ ಅಂಗಿಯನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ.

"ಅಪ್ಪಾ, ಕಾಲರು ಓರೆ."

"ಎಲ್ಲಿ?"

"ಇಲ್ಲಿಂದ ಇಲ್ಲೀತನಕ."

ಕತ್ತರಿ ಕೊಡು ಎನ್ನುತ್ತೇನೆ. ಬಿಚ್ಚುತ್ತೇನೆ.